ಅಕ್ಕನ ಕಾರಿನ ಮುಳ್ಳು

ಮೇಸ್ತ್ರಿಗೆ ಎಲ್ಲರಂತೆ ಎರಡೇ ಕಿವಿ ಇದ್ದವು. ಅವುಗಳ ಬಗ್ಗೆ ಇದ್ದ ಜಂಬ ಮಾತ್ರ ನಾಲ್ಕು ಕಿವಿಗೆ ಸಾಲುವಷ್ಟಿತ್ತು. ಕಾರು ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ, ತಾನು ಗ್ಯಾರೇಜಿನಲ್ಲಿ ಬೇರೆ ಯಾವುದೋ ವ್ಯಾನಿನ ಹೊಟ್ಟೆಯಡಿ ಅಂಗಾತ ಮಲಗಿಕೊಂಡೇ, ಮೂರನೇ ಪ್ಲಗ್ಗು ಹೋಗಿದೆ ಎಂದು ತೀರ್ಪು ಕೊಡುತ್ತಿದ್ದ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಿರುತ್ತಿತ್ತು. ಹತ್ತನೆಯ ಸಲ ಕಾರಿನವರದೇ ತಪ್ಪೆಂದು ಸಾಬೀತಾಗುತ್ತಿತ್ತು. ಸಾಬೀತು ಮಾಡುವವನೂ ಅವನೇ.

ಡ್ಯಾಶ್‌ಬೋರ್ಡಿನ ಮೀಟರುಗಳೆಂದರೆ ಅವನಿಗೆ ತಾತ್ಸಾರ. ಪೆಟ್ರೋಲಿನ ಮುಳ್ಳನ್ನು ಒಪ್ಪುತ್ತಿದ್ದ, ಏಕೆಂದರೆ ಟ್ಯಾಂಕಿಗೆ ಬಾಯಿಲ್ಲ. ವೇಗದ ಮುಳ್ಳನ್ನು ಸಹಿಸುತ್ತಿದ್ದ, ಏಕೆಂದರೆ ಪೊಲೀಸರಿಗೆ ಅದರ ಮೇಲೆ ನಂಬಿಕೆ. ಆದರೆ ಎಂಜಿನ್ನು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ತೋರಿಸುವ ಆರ್‌ಪಿಎಂ ಮೀಟರು ಅವನ ಪಾಲಿಗೆ ಕಾರಿಗೆ ತೊಡಿಸಿದ ಒಡವೆ, ಅಷ್ಟೆ. ಎಂಜಿನ್ನೇ ಬಾಯಿಬಿಟ್ಟು ಹೇಳುತ್ತಿರುವಾಗ ಮಧ್ಯೆ ಇವನ್ಯಾರು ದುಭಾಷಿ ಎಂದು ಕೇಳುತ್ತಿದ್ದ.

ಇಂಥವನ ಅಕ್ಕನಿಗೆ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದಲ್ಲ. ಏಳು ವರ್ಷದ ಹಿಂದೆ ಬಂದ ಜ್ವರವೊಂದು ಹೋಗುವಾಗ ಬರಿಗೈಯಲ್ಲಿ ಹೋಗಲಿಲ್ಲ. ಅಕ್ಕ ಒಂದು ವಾರ ಅತ್ತಳು. ಎರಡನೆಯ ವಾರ ತುಟಿ ಓದಲು ಕಲಿಯತೊಡಗಿದಳು. ಅದರಲ್ಲಿ ಎಷ್ಟು ಪಳಗಿದಳೆಂದರೆ ರಸ್ತೆಯ ಆಚೆ ಬದಿಯಲ್ಲಿ ಯಾರು ಯಾರನ್ನು ಏನೆಂದು ಬೈದರೆಂಬುದು ಮನೆಯಲ್ಲಿ ಮೊದಲು ಗೊತ್ತಾಗುತ್ತಿದ್ದದ್ದು ಅವಳಿಗೇ. ಜಗಳದಲ್ಲಂತೂ ಅವಳನ್ನು ಗೆಲ್ಲುವ ಹಾಗಿರಲಿಲ್ಲ. ತನ್ನ ಮಾತು ಮುಗಿಸಿ ಮುಖ ಆಚೆ ತಿರುಗಿಸಿದಳೆಂದರೆ ಕೋರ್ಟು ಬಾಗಿಲು ಹಾಕಿದ ಹಾಗೆ. ಎದುರಿನವರು ಗೋಡೆಗೆ ವಾದಿಸಬೇಕು.

ಅವಳ ಕಸುಬು ಕಿಟಕಿಗೆ ಪರದೆ ಹೊಲಿಯುವುದು. ಮನೆಗಳಿಗೆ ಹೋಗಿ ಅಳತೆ ತಂದು, ಹೊಲಿದು, ತಾನೇ ಏಣಿ ಹತ್ತಿ ತೂಗುಹಾಕಿ ಬರುತ್ತಿದ್ದಳು. ಬಟ್ಟೆಯ ಸುರುಳಿ, ಕಂಬಿ, ಮಡಚುವ ಏಣಿ ಎಲ್ಲಕ್ಕೂ ಮನೆ ಅವಳ ಹಳೆಯ ಕಾರು. ಗೇರು ಬದಲಿಸುವ ಹೊತ್ತನ್ನು ಉಳಿದವರು ಎಂಜಿನ್ನಿನ ದನಿಯಿಂದ ತಿಳಿಯುತ್ತಾರೆ, ಹಾಗೆ ತಿಳಿಯುತ್ತಿದ್ದೇವೆ ಎಂಬುದು ಅವರಿಗೇ ಗೊತ್ತಿರುವುದಿಲ್ಲ. ಅಕ್ಕ ಆರ್‌ಪಿಎಂ ಮುಳ್ಳನ್ನು ನೋಡುತ್ತಿದ್ದಳು. ಅಂಕಿಯನ್ನಲ್ಲ, ಅದು ನಿಂತ ಭಂಗಿಯನ್ನು. ಮುಳ್ಳು ಗಾಜಿನೊಳಗೆ ಒಪ್ಪವಾಗಿ ಇಳಿಬಿಟ್ಟ ಪರದೆಯ ಅಂಚಿನಂತೆ ನೆಟ್ಟಗೆ ನಿಂತಿತೆಂದರೆ ಮೇಲಿನ ಗೇರು. ಎಡಕ್ಕೆ ವಾಲಿ ಮಲಗಲು ಹೊರಟಿತೆಂದರೆ ಕೆಳಗಿನದು. ಕಡೆಗಣ್ಣಿನ ಒಂದು ನೋಟ ಸಾಕಿತ್ತು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದೇನೂ ಅಲ್ಲ; ಆ ಮೀಟರು ಇರುವುದೇ ಅದಕ್ಕೆ, ಎಲ್ಲರೂ ಮಾಡುವುದು ಹಾಗೆಯೇ ಎಂದುಕೊಂಡಿದ್ದಳು.

ಆ ಕಾರಿನ ಎಂಜಿನ್ನು ಕೊನೆಗಾಲಕ್ಕೆ ಬಂದಿತ್ತು. ಪೆಟ್ರೋಲಿಗಿಂತ ಹೆಚ್ಚು ಆಯಿಲ್ ಕುಡಿಯುತ್ತಿತ್ತು. ಅಕ್ಕ ಹತ್ತು ದಿನಕ್ಕೆಂದು ಮಗಳ ಮನೆಗೆ ಹೋದದ್ದೇ ತಡ, ಮೇಸ್ತ್ರಿ ಅದನ್ನು ಇಳಿಸಿ, ಎಲ್ಲೋ ಹುಡುಕಿ ತಂದ ಅದೇ ಕಂಪನಿಯ ಇನ್ನೊಂದು ಎಂಜಿನ್ನು ಕೂರಿಸಿದ. ಹಳೆಯದಕ್ಕೆ ಆರು ಸಿಲಿಂಡರು, ಇದಕ್ಕೆ ನಾಲ್ಕು; ಗೇರ್‌ಬಾಕ್ಸಿಗೆ ಕೈಗೆ ಬಳೆ ಕೂತಂತೆ ಕೂತಿತು. ಕಾರು ಸುಮ್ಮನೆ ನಿಂತಿರುವಾಗಿನ ಎಂಜಿನ್ನಿನ ಓಟವನ್ನು, ಅಂದರೆ ಐಡ್ಲಿಂಗನ್ನು, ಕಣ್ಣುಮುಚ್ಚಿ, ಬಾನೆಟ್ಟಿನ ಮೇಲೆ ತಲೆಯಿಟ್ಟು, ಹಳೆಯ ಎಂಜಿನ್ನಿನ ಗುನುಗು ಬರುವ ತನಕ ಸ್ಕ್ರೂ ತಿರುಗಿಸಿ ತಿರುಗಿಸಿ ಹೊಂದಿಸಿದ. ಆರ್‌ಪಿಎಂ ಮೀಟರಿನ ವೈರೊಂದು ಅನಾಥವಾಗಿ ನೇತಾಡುತ್ತಿತ್ತು. ಹೋಗಲಿ ಪಾಪ ಎಂದು ಅದನ್ನೂ ಜೋಡಿಸಿದ. ಮುಳ್ಳು ಎದ್ದು ಒಂಬೈನೂರಕ್ಕೆ ಬಂದು ನಿಂತಿತು. ಕಿವಿ ಹೇಳಿದ್ದೂ ಒಂಬೈನೂರೇ. ದುಭಾಷಿ ಈ ಸಲ ಸರಿಯಾಗಿ ಅನುವಾದ ಮಾಡಿದ್ದಾನೆ ಎಂದು ಮೇಸ್ತ್ರಿ ಉದಾರವಾಗಿ ಮೆಚ್ಚಿಕೊಂಡ. ಕೇಳಿಸದ ಅಕ್ಕನಿಗೆ ಇಂಥ ಇಂಪಾದ ಸದ್ದನ್ನು ಉಡುಗೊರೆ ಕೊಡುತ್ತಿದ್ದೀರಲ್ಲ ಎಂದು ಅವನ ಹೆಂಡತಿ ಕೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಅಂಥವು ಬೀಳುತ್ತಿರಲಿಲ್ಲ.

ಸೋಮವಾರ ಅಕ್ಕ ಬಂದಳು. ಹೊಸ ಎಂಜಿನ್ನು ನೋಡಿ ತಮ್ಮನ ಬೆನ್ನು ತಟ್ಟಿ, ಕಾರು ಹತ್ತಿ ಹೋದಳು. ಕಾಲುಗಂಟೆಯಲ್ಲಿ ವಾಪಸು ಬಂದು ಗ್ಯಾರೇಜಿನ ಬಾಗಿಲಲ್ಲೇ ನಿಂತಳು.

“ಲೋ, ನನ್ನ ಮುಳ್ಳಿಗೆ ಏನು ಮಾಡಿದ್ದೀಯೋ?”

“ಏನೂ ಮಾಡಿಲ್ಲ ಕಣಕ್ಕ. ಸರಿಯಾಗಿ ತೋರಿಸ್ತಿದೆಯಲ್ಲ.”

“ಸುಳ್ಳು ಹೇಳ್ತಿದೆ ಅದು.”

ಅವಳ ದೂರು ಉದ್ದವಾಗಿತ್ತು. ಕ್ಲಚ್ಚು ಬಿಟ್ಟರೆ ಕಾರು ಹಗ್ಗ ಬಿಚ್ಚಿದ ಕರುವಿನಂತೆ ನೆಗೆಯುತ್ತದೆ. ಮುಳ್ಳು ನೆಟ್ಟಗಾಗುವ ತನಕ ಕಾದು ಗೇರು ಹಾಕಿದರೆ ಒಳಗಿನಿಂದ ಯಾರೋ ಒದ್ದ ಹಾಗಾಗುತ್ತದೆ. ಪಾದದಡಿ ನಡುಕ. ಮೇಸ್ತ್ರಿ ಆಗಲೇ ಮೊದಲ ಬಾರಿಗೆ, ತನ್ನ ಅಕ್ಕ ಏಳು ವರ್ಷದಿಂದ ಆ ಒಡವೆಯನ್ನು ನೋಡಿಕೊಂಡು ಕಾರು ಓಡಿಸುತ್ತಿದ್ದಾಳೆಂದು ತಿಳಿದದ್ದು. ಆಮೇಲೆ, ಹೊಸ ಎಂಜಿನ್ನು, ಹೊಸ ಹುರುಪು, ಎರಡು ತಿಂಗಳಲ್ಲಿ ರೂಢಿಯಾಗುತ್ತದೆ ಎಂದು ಸಮಾಧಾನ ಹೇಳಿದ.

ಎರಡು ತಿಂಗಳೆಲ್ಲಿತ್ತು? ಡ್ರೈವಿಂಗ್ ಲೈಸೆನ್ಸಿನ ನವೀಕರಣದ ಅರ್ಜಿಯಲ್ಲಿ ‘ಶ್ರವಣಶಕ್ತಿ’ ಎಂಬ ಕಡೆ ಅಕ್ಕ ಈ ಸಲ ನಿಜ ಬರೆದಿದ್ದಳು. ನಿಜ ಬರೆದದ್ದಕ್ಕೆ ಬಹುಮಾನವಾಗಿ ಸಾರಿಗೆ ಕಚೇರಿಯಿಂದ ಪತ್ರ ಬಂದಿತ್ತು: ಶುಕ್ರವಾರ ಹತ್ತೂವರೆಗೆ ಸ್ವಂತ ವಾಹನದೊಂದಿಗೆ ಹಾಜರಾಗಿ, ಅಧಿಕಾರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚಲಾಯಿಸಿ ತೋರಿಸತಕ್ಕದ್ದು. ತಪ್ಪಿದರೆ ಲೈಸೆನ್ಸು ಹೋಯಿತು. ಆಮೇಲೆ ಒಂದೊಂದು ಕಿಟಕಿಯ ಅಳತೆಗೂ ತಮ್ಮನನ್ನೋ ಅಳಿಯನನ್ನೋ ಗೋಗರೆಯಬೇಕು, ಅವರ ಬಿಡುವು ಕಾಯಬೇಕು. ಅಕ್ಕ ಯಾರ ಬಿಡುವನ್ನೂ ಕಾದವಳಲ್ಲ.

ಅಕ್ಕನ ಮನಸ್ಸಿಗಾದರೂ ನೆಮ್ಮದಿಯಾಗಲಿ ಎಂದು ಮೇಸ್ತ್ರಿ ಮಂಗಳವಾರ ರೇಡಿಯೋನನ್ನು ಕರೆಸಿದ. ಪಕ್ಕದ ಬೀದಿಯಲ್ಲಿ ರೇಡಿಯೋ, ಟಿವಿ, ಮಿಕ್ಸಿ ರಿಪೇರಿ ಮಾಡುವವನಿಗೆ ಊರು ಇಟ್ಟ ಹೆಸರು ಅದು. ಒಮ್ಮೆ ಶುರುವಾದರೆ ಸ್ಟೇಷನ್ನು ಬದಲಾಗುತ್ತಿತ್ತೇ ಹೊರತು ನಿಲ್ಲುತ್ತಿರಲಿಲ್ಲ. ಅವನು ಮೀಟರನ್ನು ಬಿಚ್ಚಿ, ಅಂಗಡಿಗೆ ಒಯ್ದು, ತನ್ನ ಪೆಟ್ಟಿಗೆಗೆ ಸಿಕ್ಕಿಸಿ, ಲೆಕ್ಕದ ಕಿಡಿಗಳನ್ನು ಉಣಿಸಿ ನೋಡಿದ. ಮೀಟರು ಒಂದೂ ಕಿಡಿ ಬಿಡದೆ ಎಣಿಸಿತು. ಮೀಟರಿನಲ್ಲಿ ಏನೂ ದೋಷವಿಲ್ಲವೆಂದು ತಂದು ಮತ್ತೆ ಕೂರಿಸಿದ. ಅವನಿಗೆ ಮೀಟರು ನೋಡು ಎಂದಿದ್ದರು, ಅವನು ಮೀಟರು ನೋಡಿದ.

ಹೀಗೆ ಸಾಕ್ಷಿ ಎರಡಾದವು: ಮೀಟರು ಮತ್ತು ಮೇಸ್ತ್ರಿಯ ಕಿವಿ. ಇಬ್ಬರೂ ಒಂದೇ ಮಾತು ಹೇಳುತ್ತಿರುವಾಗ ಮೂರನೆಯವಳೇ ತಪ್ಪಿರಬೇಕು. ಅಕ್ಕ ಆ ಸಂಜೆ ಇನ್ನೊಂದು ಸುತ್ತು ಹೋಗಿ ಬಂದು, ಕಾರಿನ ಬೀಗದ ಕೈಯನ್ನು ತಮ್ಮನ ಮನೆಯ ಊಟದ ಮೇಜಿನ ಮೇಲೆ ಇಟ್ಟಳು.

“ನನಗೇ ವಯಸ್ಸಾಯ್ತೇನೋ ಕಣೋ,” ಎಂದಳು. “ಕಿವಿ ಹೋದಾಗ ಕಾಲು ಉಳೀತು ಅಂದ್ಕೊಂಡಿದ್ದೆ. ಈಗ ಕಾಲಿಗೂ ಗೊತ್ತಾಗ್ತಿಲ್ಲ. ಕಾರು ನೀನೇ ಇಟ್ಕೋ.”

ಮೇಸ್ತ್ರಿ ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ. ಅಕ್ಕ ಬೈದರೆ ಅವನು ತಡೆದುಕೊಳ್ಳಬಲ್ಲ, ಐವತ್ತೆಂಟು ವರ್ಷದ ಅಭ್ಯಾಸವಿತ್ತು. ಅಕ್ಕ ಸೋತದ್ದನ್ನು ನೋಡಿ ಅಭ್ಯಾಸವಿರಲಿಲ್ಲ. ಅವನ ಹೆಂಡತಿ ಬೀಗದ ಕೈ ಎತ್ತಿ, ಅಕ್ಕನ ಎದುರು ಬಂದು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದಳು.

“ಅತ್ತಿಗೆ, ನಿಮ್ಮ ಕಾಲು ಇಷ್ಟು ವರ್ಷದಲ್ಲಿ ಒಂದು ಸಲಾನೂ ತಪ್ಪಿಲ್ಲ. ಇವರ ಕಿವಿ ವಿಷಯ ನಾನು ಹಾಗೆ ಹೇಳಲಾರೆ. ನಾಳೆ ಬೆಳಿಗ್ಗೆ ಪರದೆಗೆ ಹೇಗೆ ಅಳೀತೀರೋ ಹಾಗೆ ಈ ಕಾರನ್ನ ಅಳೆದುಬಿಡಿ.”

ಆ ಮಾತು ಅಕ್ಕನಿಗೆ ಹಿಡಿಸಿತು. ಬುಧವಾರ ಬೆಳಕು ಹರಿದ ಮೇಲೆ ಅಳತೆಯ ಪುಸ್ತಕ, ಪೆನ್ಸಿಲು ಹಿಡಿದು ಕಾರು ಹತ್ತಿದವಳು ಹತ್ತು ಗಂಟೆಗೆ ಗ್ಯಾರೇಜಿಗೆ ಬಂದಳು. ರೇಡಿಯೋ ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಮೂರನೇ ಸ್ಟೇಷನ್ನಿನಲ್ಲಿದ್ದ. ಅಕ್ಕ ಪುಸ್ತಕ ಬಿಡಿಸಿ ಇಬ್ಬರ ಮುಂದೆ ಹಿಡಿದಳು. ಯಾರದೋ ಮನೆಯ ಕಿಟಕಿಗಳ ಅಗಲ ಎತ್ತರದ ಕೆಳಗೆ ಎರಡೇ ಸಾಲು.

ಎರಡನೇ ಗೇರಿನಲ್ಲಿ ಮುಳ್ಳು ನೆಟ್ಟಗೆ ನಿಂತಾಗ ವೇಗ ನಲವತ್ತಿರುತ್ತಿತ್ತು. ಏಳು ವರ್ಷ ದಿನಾ ನೋಡಿದ ಸಂಗತಿ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಿಯಾಳು. ಈಗ ಅರವತ್ತು. ಮೊದಲನೇ ಗೇರಿನಲ್ಲಿ ಇಪ್ಪತ್ತನಾಲ್ಕಿತ್ತು. ಈಗ ಮೂವತ್ತಾರು.

“ಗೇರ್‌ಬಾಕ್ಸು ಬದಲಾಯಿಸಿದ್ದೀಯಾ?” ಎಂದು ತಮ್ಮನನ್ನು ಕೇಳಿದಳು.

“ಇಲ್ಲ.”

“ಚಕ್ರ?”

“ಇಲ್ಲ ಕಣಕ್ಕ, ಎಲ್ಲಾ ಹಳೇದೇ.”

“ಹಂಗಾದ್ರೆ ಎಂಜಿನ್ನು ಅಷ್ಟೇ ತಿರುಗಿದರೆ ಕಾರು ಅಷ್ಟೇ ಓಡಬೇಕು ತಾನೇ? ಒಂದಕ್ಕೆ ಒಂದೂವರೆ ಯಾಕೆ ಓಡ್ತಿದೆ?”

ರೇಡಿಯೋ ಮಾತು ನಿಲ್ಲಿಸಿದ. ಹಾಗೆ ನಿಲ್ಲಿಸಿದ್ದನ್ನು ಮೇಸ್ತ್ರಿ ಅದುವರೆಗೆ ನೋಡಿರಲಿಲ್ಲ. ಪುಸ್ತಕ ಕೈಗೆ ತೆಗೆದುಕೊಂಡು ಎರಡೂ ಸಾಲುಗಳನ್ನು ಮತ್ತೆ ಓದಿ, ಹಳೆಯ ಎಂಜಿನ್ನಿಗೆ ಎಷ್ಟು ಸಿಲಿಂಡರೆಂದು ಕೇಳಿದ. ಆರು. ಇದಕ್ಕೆ? ನಾಲ್ಕು.

“ಅಯ್ಯೋ ಮೇಸ್ತ್ರಿ, ಇದನ್ನ ನಿನ್ನೆ ಹೇಳೋದಲ್ವಾ. ಆ ಮುಳ್ಳು ಸುತ್ತನ್ನೆಲ್ಲಿ ನೋಡುತ್ತೆ? ಅದು ಕುರುಡು. ಪ್ಲಗ್ಗಿನ ಕಿಡಿ ಎಣಿಸುತ್ತೆ ಅಷ್ಟೇ. ಆರು ಸಿಲಿಂಡರಿಗೆ ಸುತ್ತಿಗೆ ಮೂರು ಕಿಡಿ. ನಾಲ್ಕಕ್ಕೆ ಎರಡೇ. ಅದು ಇವತ್ತಿಗೂ ಮೂರು ಮೂರರ ಕಟ್ಟು ಕಟ್ತಾ ಕೂತಿದೆ, ಪಾಪ. ಎಂಜಿನ್ನು ಮೂರು ಸುತ್ತು ತಿರುಗಿದರೆ ಎರಡು ಅನ್ನುತ್ತೆ.”

ಮೇಸ್ತ್ರಿ ಒಪ್ಪಿದ, ಅರ್ಧ. ಮೀಟರು ಮೋಸ ಹೋಗಿರಬಹುದು; ಅದರಿಂದ ಅವನಿಗೆ ಒಳಗೊಳಗೇ ಖುಷಿಯೂ ಆಯಿತು. “ಆದರೆ ಐಡ್ಲಿಂಗು ಒಂಬೈನೂರು ಅಂತ ಇಟ್ಟಿದ್ದು ನನ್ನ ಕಿವಿ. ಅದಕ್ಕೇನಂತೀಯ?”

“ನಿಮ್ಮ ಕಿವಿ ಎಣಿಸೋದೂ ಅದೇ ಕಿಡಿ ಹೊಡೆಯೋ ಸದ್ದನ್ನೇ ಅಲ್ವಾ. ಹಳೇ ಗುನುಗು ಬರೋ ತನಕ ಏರಿಸಿದ್ರಿ. ಎರಡೆರಡೇ ಕಿಡಿಯಿಂದ ಆ ಗುನುಗು ಬರಬೇಕಾದರೆ ಎಂಜಿನ್ನು ಎಷ್ಟು ಓಡಬೇಕು? ಒಂಬೈನೂರರ ಒಂದೂವರೆ. ಒಂದು ಸಾವಿರದ ಮುನ್ನೂರೈವತ್ತು. ಅದಕ್ಕೇ ಅಕ್ಕ ಕ್ಲಚ್ಚು ಬಿಟ್ಟರೆ ಕಾರು ನೆಗೀತಿದೆ.”

ಮೇಸ್ತ್ರಿ ಎದ್ದು ಹೋಗಿ ಕಾರನ್ನು ಚಾಲೂ ಮಾಡಿದ. ಬಾನೆಟ್ಟಿನ ಮೇಲೆ ತಲೆಯಿಟ್ಟ. ಅದೇ ಇಂಪಾದ ಗುನುಗು, ಹತ್ತು ದಿನ ಅವನನ್ನು ಹಿಗ್ಗಿಸಿದ್ದು. ಆ ಗುನುಗಿನ ಅಡಿಯಲ್ಲಿ ಫ್ಯಾನಿನ ರೆಕ್ಕೆಗಳು ಎಬ್ಬಿಸುತ್ತಿದ್ದ ಗಾಳಿಯನ್ನು ಅಂಗೈಗೆ ತಾಗಿಸಿಕೊಂಡ. ಅದು ಒಂಬೈನೂರರ ಗಾಳಿಯಾಗಿರಲಿಲ್ಲ. ಮೀಟರೂ ಕಿವಿಯೂ ಎಣಿಸಿದ್ದು ಅದೇ ಕಿಡಿಯನ್ನು; ಇಬ್ಬರು ಸಾಕ್ಷಿಗಳೆಂದು ಮನೆಮಂದಿಯೆಲ್ಲ ನಂಬಿದ್ದು ಒಬ್ಬನನ್ನೇ, ಅವನಿಗೂ ಲೆಕ್ಕ ತಪ್ಪಿತ್ತು. ತಲೆಯೆತ್ತಿದಾಗ ಅಕ್ಕ ಎದುರಿಗೇ ನಿಂತಿದ್ದಳು. ಮುಖ ತಿರುಗಿಸಲು ಈಗ ಅವನಿಗೇ ಮನಸ್ಸಾಯಿತು. ಆದರೆ ಅವಳಿಗೆ ತುಟಿ ಕಾಣಬೇಕಲ್ಲ.

“ತಪ್ಪು ನಂದೇ ಅಕ್ಕ. ನಿನ್ನ ಕಾಲು ಸರಿಯಾಗಿದೆ.”

ಅಕ್ಕ ಅರ್ಥವಾಗಲಿಲ್ಲವೆಂಬಂತೆ ಮುಖ ಮಾಡಿ, ಇನ್ನೊಂದು ಸಲ ಹೇಳಿಸಿದಳು.

ಮೇಸ್ತ್ರಿಯ ಮೊದಲ ಉಪಾಯ, ಗಾಜಿನ ಮೇಲೆ ಹೊಸ ಅಂಕಿಗಳನ್ನು ಬರೆದು ಅಂಟಿಸುವುದು. ಎರಡು ಸಾವಿರ ಇದ್ದಲ್ಲಿ ಮೂರು ಸಾವಿರ. ಐದು ನಿಮಿಷದ ಕೆಲಸ. ಅಕ್ಕ ಅದನ್ನು ನಿಂತಲ್ಲೇ ತಳ್ಳಿಹಾಕಿದಳು. ತಾನು ಅಂಕಿಯನ್ನು ನೋಡುವುದೇ ಇಲ್ಲ, ಮುಳ್ಳು ನೆಟ್ಟಗಿದೆಯೋ ವಾಲಿದೆಯೋ ಎಂಬುದಷ್ಟೇ ಕಣ್ಣಿಗೆ ಗೊತ್ತು. ವಾಲಿದ ಪರದೆಯ ಪಕ್ಕದಲ್ಲಿ ‘ಇದು ನೆಟ್ಟಗಿದೆ’ ಎಂದು ಚೀಟಿ ಅಂಟಿಸಿದರೆ ಯಾರಾದರೂ ಒಪ್ಪುತ್ತಾರೆಯೇ ಎಂದು ಕೇಳಿದಳು. ರೇಡಿಯೋ ಮೀಟರನ್ನು ಮತ್ತೆ ಬಿಚ್ಚಿ, ಒಳಗಿನ ಅಕ್ಕಿಕಾಳಿನಷ್ಟು ಗಾತ್ರದ ಭಾಗವೊಂದನ್ನು ಕಿತ್ತು, ಆ ಜಾಗದಲ್ಲಿ ತಿರುಗಿಸಿದಂತೆಲ್ಲ ಮುಳ್ಳನ್ನು ಏರಿಸಿ ಇಳಿಸುವ ಪುಟ್ಟ ಸ್ಕ್ರೂ ಇರುವ ಇನ್ನೊಂದನ್ನು ಬೆಸುಗೆ ಹಾಕಿದ. ಎಷ್ಟು ತಿರುಗಿಸಬೇಕೆಂಬುದನ್ನು ಅಂಗಡಿಯ ಪೆಟ್ಟಿಗೆಯೂ ಹೇಳುತ್ತಿತ್ತು. ಅಕ್ಕ ಪೆಟ್ಟಿಗೆಯನ್ನು ನಂಬಲೊಲ್ಲಳು. ರಸ್ತೆಗೇ ನಡೀರಿ ಎಂದಳು.

ಗೋದಾಮುಗಳ ಹಿಂದೆ ಉದ್ದನೆಯ ನೇರ ರಸ್ತೆಯೊಂದಿತ್ತು. ಮಧ್ಯಾಹ್ನ ಮೂರರ ಬಿಸಿಲಿನಲ್ಲಿ ಮೂವರೂ ಹೊರಟರು. ಅಕ್ಕ ಸ್ಟೇರಿಂಗಿನಲ್ಲಿ. ಪಕ್ಕದಲ್ಲಿ ರೇಡಿಯೋ, ಡ್ಯಾಶ್‌ಬೋರ್ಡಿನಿಂದ ವೈರಿನ ಸಮೇತ ಹೊರಬಂದ ಮೀಟರನ್ನು ಅದರ ಜಾಗದ ಎದುರಿಗೇ ನೆಟ್ಟಗೆ ಹಿಡಿದುಕೊಂಡು, ಮೀಟರಿನ ಬೆನ್ನಿಗೆ ಸಣ್ಣ ಸ್ಕ್ರೂಡ್ರೈವರು ಚುಚ್ಚಿಕೊಂಡು. ಹಿಂದೆ ಬಟ್ಟೆಯ ಸುರುಳಿಗಳ ನಡುವೆ ಮೇಸ್ತ್ರಿ, ಪಕ್ಕೆಗೆ ಏಣಿಯ ತುದಿ. ಗ್ಯಾರೇಜು ಇಟ್ಟ ಮೇಲೆ ಅವನು ಯಾವ ಕಾರಿನಲ್ಲೂ ಹಿಂದೆ ಕೂತವನಲ್ಲ.

ಅಕ್ಕ ಎರಡನೇ ಗೇರು ಹಾಕಿ ವೇಗವನ್ನು ನಲವತ್ತಕ್ಕೆ ತಂದು ನಿಲ್ಲಿಸಿದಳು. ಒಂದು ಕೂದಲು ಅತ್ತಿತ್ತ ಇಲ್ಲ. ಆರ್‌ಪಿಎಂ ಮುಳ್ಳು ಎಡಕ್ಕೆ ಒರಗಿ ಮಲಗಿತ್ತು.

“ತಿರುಗಿಸು,” ಎಂದಳು. “ಇನ್ನೂ. ಇನ್ನೂ. ಮುದುಕನ ಹಾಗೆ ಏಳ್ತಿದೆಯಲ್ಲೋ. ಇನ್ನೂ.”

ಹಿಂದೆ ಲಾರಿಯೊಂದು ಬಂದು ಹಾರನ್ ಹೊಡೆಯತೊಡಗಿತು. ಅದರ ಹಿಂದೆ ಇನ್ನೊಂದು. ಮೇಸ್ತ್ರಿ ಒಂದೊಂದು ಹಾರನ್ನಿಗೂ ಬಟ್ಟೆಯ ಸುರುಳಿಯೊಳಗೆ ಒಂದೊಂದು ಇಂಚು ಇಳಿದ. ಅಕ್ಕ ಕನ್ನಡಿಯಲ್ಲಿ ಲಾರಿಯವನ ತುಟಿ ನೋಡಿ, ಇವನಿಗೆ ಅಮ್ಮ ಮರ್ಯಾದೆ ಕಲಿಸಿಲ್ಲ ಎಂದು ಹೇಳಿ, ಕಿಟಕಿಯಿಂದ ಕೈ ಹೊರಚಾಚಿ ಮುಂದೆ ಹೋಗೆಂದು ಸನ್ನೆ ಮಾಡಿದಳು. ನಲವತ್ತು ನಲವತ್ತಾಗಿಯೇ ಇತ್ತು.

“ಇನ್ನೂ. ಹಾಂ, ದಾಟಿತು. ಒಂದು ನೂಲು ಹಿಂದಕ್ಕೆ. ಸಾಕು. ಕೈ ತೆಗಿ.”

ಮುಳ್ಳು ನೆಟ್ಟಗೆ ನಿಂತಿತ್ತು. ಅಕ್ಕ ಮೂರನೇ ಗೇರು ಹಾಕಿದಳು. ಗೇರು ಬೆಣ್ಣೆಯಲ್ಲಿ ಕೈಯಿಟ್ಟಂತೆ ಹೋಯಿತು. ಮುಳ್ಳು ಇಳಿಯಿತು, ಮತ್ತೆ ಏರಿತು, ನೆಟ್ಟಗಾಯಿತು, ನಾಲ್ಕನೇ ಗೇರು. ಆಗ ಮುಂದೆ ಹೋಗಿದ್ದ ಲಾರಿಯನ್ನು ಹಿಂದೆ ಹಾಕಿದಳು. ಮೂರು ದಿನದಿಂದ ಕೂಡಿಟ್ಟಿದ್ದ ನಗು ಒಟ್ಟಿಗೇ ಹೊರಬಂತು. ತನ್ನ ನಗು ಎಷ್ಟು ಜೋರೆಂಬುದು ಏಳು ವರ್ಷದಿಂದ ಅವಳಿಗೆ ತಿಳಿಯದು. ರೇಡಿಯೋ ಬೆಚ್ಚಿದ, ಮೇಸ್ತ್ರಿ ಸುರುಳಿಯಿಂದ ತಲೆಯೆತ್ತಿದ. ಕೊನೆಯ ತನಕ ಹೋಗಿ ತಿರುಗಿಸಿ ಬಂದರು. ಕೆಲಸ ಮುಗಿದಿತ್ತು, ಆದರೂ ಅಕ್ಕ ಇನ್ನೂ ಮೂರು ಸಲ ಹೋಗಿ ಬಂದಳು.

ಉಳಿದದ್ದು ಐಡ್ಲಿಂಗು. ಸರಿಯಾದ ಮುಳ್ಳು ಈಗ ಸಾವಿರದ ಮುನ್ನೂರೈವತ್ತನ್ನು ನಾಚಿಕೆಯಿಲ್ಲದೆ ತೋರಿಸುತ್ತಿತ್ತು. ಮೇಸ್ತ್ರಿ ಸ್ಕ್ರೂ ಇಳಿಸುತ್ತ ಹೋದ. ಸಾವಿರದ ನೂರಕ್ಕೆ ಬಂದಾಗ, ಎಂಜಿನ್ನು ಸಾಯುತ್ತಿದೆ ಎಂದು ನಿಲ್ಲಿಸಿದ. ಅವನ ಕಿವಿಗೆ ಹಾಗೇ ಕೇಳುತ್ತಿತ್ತು. ಸಾವಿರಕ್ಕೆ ಇಳಿಸಿ ಮತ್ತೆ ನಿಲ್ಲಿಸಿ, ಇದು ಅಳುತ್ತಿದೆ ಎಂದ. ಅವನ ಹೆಂಡತಿ ಒಳಗೆ ಹೋಗಿ ಎರಡು ಉಂಡೆ ಹತ್ತಿ ತಂದು ಅವನ ಮುಂದೆ ಹಿಡಿದಳು.

“ಇಟ್ಕೊಳ್ರೀ. ಅರ್ಧ ಗಂಟೆ ಅತ್ತಿಗೆ ಥರ ಬದುಕಿ ನೋಡಿ.”

ಮೇಸ್ತ್ರಿ ಹತ್ತಿಯನ್ನು ಕಿವಿಗೆ ತುರುಕಿಕೊಂಡ. ಮುಳ್ಳನ್ನೇ ನೋಡುತ್ತ ಒಂಬೈನೂರಕ್ಕೆ ತಂದು ಬಿಟ್ಟ. ಎಂಜಿನ್ನು ಸಾಯಲಿಲ್ಲ. ಅಕ್ಕ ಕ್ಲಚ್ಚು ಬಿಟ್ಟಳು; ಕಾರು ಚಾಪೆ ಎಳೆದಂತೆ ಸರಿಯಿತು.

ಶುಕ್ರವಾರ ಹತ್ತೂವರೆಗೆ ಸಾರಿಗೆ ಕಚೇರಿಯ ಅಂಗಳದಲ್ಲಿ ಅಧಿಕಾರಿ ಬಂದು ಕಾರಿನಲ್ಲಿ ಅಕ್ಕನ ಪಕ್ಕ ಕೂತರು. ನಗು ಎಂಬುದನ್ನು ಕಚೇರಿಯ ಹೊತ್ತಿನಲ್ಲಿ ಬಳಸದ ಮನುಷ್ಯ. ಎಡ, ಬಲ, ನಿಲ್ಲಿಸು ಎಂಬುದಕ್ಕೆ ಕೈಸನ್ನೆ ಮಾಡುವುದೆಂದು ಮೊದಲೇ ಮಾತಾಗಿತ್ತು. ಕಾರು ಗೇಟು ದಾಟಿತು. ಮೇಸ್ತ್ರಿ ಕಿವಿ ನಿಮಿರಿಸಿ ನಿಂತ. ಮೊದಲ ತಿರುವಿನ ತನಕ ಹಿಂಬಾಲಿಸಿದ, ಆಮೇಲೆ ಬಸ್ಸುಗಳ ಗದ್ದಲದಲ್ಲಿ ಅಕ್ಕನ ಎಂಜಿನ್ನು ತಪ್ಪಿಸಿಕೊಂಡಿತು. ಇಪ್ಪತ್ತು ನಿಮಿಷ ಅವನು ಅಂಗಳದ ಕಂಬವೊಂದಕ್ಕೆ ಸುತ್ತು ಹಾಕಿದ. ಒಂದು ನಿಮಿಷಕ್ಕೆ ಎಷ್ಟು ಸುತ್ತೆಂದು ಹೆಂಡತಿ ಎಣಿಸುತ್ತಿದ್ದಳು.

ಕಾರು ಬಂದು ನಿಂತಿತು. ಅಧಿಕಾರಿ ಕೂಡಲೇ ಇಳಿಯಲಿಲ್ಲ. ಡ್ಯಾಶ್‌ಬೋರ್ಡಿಗೆ ಬೆರಳು ತೋರಿಸಿ ಏನೋ ಕೇಳಿದರು. ಅಕ್ಕ ಏನೋ ಹೇಳಿದಳು. ಅವರು ಬಗ್ಗಿ ಮೀಟರನ್ನು ನೋಡಿದರು, ಮತ್ತೆ ಕೇಳಿದರು. ಅಕ್ಕ ಈ ಸಲ ಎರಡು ಕೈಯನ್ನೂ ಬಿಟ್ಟು, ಬಹಳ ಹೊತ್ತು ಹೇಳಿದಳು. ನಡುವೆ ಒಮ್ಮೆ ಅವಳ ಬೆರಳು ತಮ್ಮನ ಕಡೆ ತಿರುಗಿತು. ಅಧಿಕಾರಿಯ ಮುಖ ಆ ಕಡೆ ತಿರುಗಿತು. ಆ ಮುಖದಲ್ಲಿ, ಕಚೇರಿಯ ಹೊತ್ತಿನಲ್ಲೇ, ನಗು ಇತ್ತು. ಕಾಗದದ ಮೇಲೆ ಬರೆದು, ಸಹಿ ಹಾಕಿ, ಮೊಹರು ಒತ್ತಿಸಲು ಒಳಗೆ ಹೋದರು.

ಅಕ್ಕ ಕಾಗದ ತಂದು ತಮ್ಮನ ಕೈಗೇ ಕೊಟ್ಟಳು. ಐದು ವರ್ಷಕ್ಕೆ ನವೀಕರಿಸಲಾಗಿದೆ. ಅದರ ಕೆಳಗೆ ಷರತ್ತು: ‘ಎಂಜಿನ್ ಸುತ್ತು ತೋರಿಸುವ ಮೀಟರು ಸುಸ್ಥಿತಿಯಲ್ಲಿರುವ ವಾಹನವನ್ನು ಮಾತ್ರ ಚಲಾಯಿಸತಕ್ಕದ್ದು. ಸದರಿ ಮೀಟರನ್ನು ಪ್ರತಿ ವರ್ಷ ಅನುಭವಿ ಮೆಕ್ಯಾನಿಕ್ ಪರೀಕ್ಷಿಸಿ, ಸರಿಯಾಗಿದೆ ಎಂದು ಸಹಿ ಮಾಡಿದ ಪತ್ರ ಹಾಜರುಪಡಿಸತಕ್ಕದ್ದು.’

ಮೇಸ್ತ್ರಿ ಅದನ್ನು ಎರಡು ಸಲ ಓದಿದ. ಅನುಭವಿ ಮೆಕ್ಯಾನಿಕ್ಕನ್ನು ಎಲ್ಲಿ ಹುಡುಕುವುದೋ ಎಂದು ಅವನ ಹೆಂಡತಿ ಆಕಾಶ ನೋಡಿದಳು. ಅಕ್ಕ ಆಗಲೇ ಸ್ಟೇರಿಂಗಿನ ಹಿಂದೆ ಕೂತು, ಹನ್ನೆರಡಕ್ಕೆ ಒಂದು ಮನೆಯಲ್ಲಿ ಏಳು ಕಿಟಕಿಗಳ ಅಳತೆಯಿದೆ, ಬರುವವರು ಹತ್ತಿ ಎಂದಳು. ಹೆಂಡತಿ ಹಿಂದೆ ಏಣಿಯ ಪಕ್ಕದಲ್ಲಿ ಜಾಗ ಮಾಡಿಕೊಂಡಳು. ಮೇಸ್ತ್ರಿಗೆ ಮುಂದಿನ ಸೀಟು ಸಿಕ್ಕಿತು.

ಗೇಟು ದಾಟಿ ದೊಡ್ಡ ರಸ್ತೆಗೆ ಬಂದಾಗ ಅವನಿಗೆ ಎಂಜಿನ್ನಿನ ಸದ್ದು ಕೇಳಿಸಿತೋ ಇಲ್ಲವೋ. ಕಣ್ಣು ಮುಳ್ಳಿನ ಮೇಲೇ ಇತ್ತು. ಅದು ಏರಿತು, ಏರಿತು, ನೆಟ್ಟಗೆ ನಿಂತಿತು. ಅವನು ಅಕ್ಕನಿಗೆ ಕಾಣುವಂತೆ ತೋರುಬೆರಳು ಎತ್ತಿದ. ಅಷ್ಟರಲ್ಲಿ ಗೇರು ಬಿದ್ದಾಗಿತ್ತು.

“ಸುಮ್ನೆ ನೋಡ್ಕೊಂಡು ಕೂತಿರೋ,” ಎಂದಳು ಅಕ್ಕ. “ಹೇಳಿಕೊಡೋಕೆ ಬರಬೇಡ.”